ಪಟಾಕಿಗಿಂತ ಮೊದಲು ಬರುವ ಯಮನಮ್ಮ

ಬೆಳಗಿನ ಆರು ಗಂಟೆ. ಕಲಬುರಗಿಯ ರೋಜಾ ಬಡಾವಣೆಗೆ ಹೋಗುವ ದಾರಿಯಲ್ಲಿ ಒಂದು ಫಂಕ್ಷನ್ ಹಾಲ್. ಅದರ ವಾಚ್‌ಮನ್ ಸಾಯಬಣ್ಣನ ಬಾಯಲ್ಲಿ ಬೇವಿನ ಕಡ್ಡಿ ಇನ್ನೂ ಹಾಗೇ ಇದೆ. ಗೇಟಿನ ಹೊರಗೆ ನಿಂತ ಯಮನಮ್ಮ ಮಾತ್ರ ಆಗಲೇ ಮೂರನೇ ಪ್ರಶ್ನೆಗೆ ಬಂದಿದ್ದಾರೆ.

“ಇವತ್ತ ಯಾರ ಮದುವಿ?”

“ಆಳಂದದವ್ರದು.”

“ಮೆರವಣಿಗಿ ಎಷ್ಟಕ್ಕ?”

“ಹನ್ನೊಂದಕ್ಕ ಅಂದಾರ. ಅಂದ್ರ ಹನ್ನೆರಡಕ್ಕ.”

“ಪಟಾಕಿ?”

“ಯವ್ವಾ, ನಾ ಏನ್ ಪಟಾಕಿ ಅಂಗಡಿ ಇಟ್ಟೀನೇನು?”

“ನಿನ್ನಿ ಸಂಜಿಗಿ ಡಬ್ಬಿ ಇಳಸೂದು ನೋಡಿಯಲ್ಲ? ಸಣ್ಣವೋ ದೊಡ್ಡವೋ, ಅಷ್ಟ ಹೇಳು. ನಾ ಹೋಗ್ತೀನಿ.”

ಸಾಯಬಣ್ಣ ಕಡ್ಡಿ ತೆಗೆದು ಉಗುಳಿ, ಸೋತವರ ದನಿಯಲ್ಲಿ ಹೇಳುತ್ತಾರೆ: “ಸಾವಿರದ ಸರ ನಾಕು. ಸುತಳಿ ಬಾಂಬ್ ಒಂದ್ ಡಜನ್. ಇನ್ನರ ಬಿಡು ತಾಯಿ.”

ಯಮನಮ್ಮ ಸೆರಗಿನ ತುದಿಗೆ ಒಂದು ಗಂಟು ಹಾಕಿಕೊಳ್ಳುತ್ತಾರೆ. ಓದು ಬರಹ ಬಾರದ ಅವರ ಡೈರಿ ಇದು. ಒಂದು ಗಂಟು ಎಂದರೆ ಒಂದು ಕಡೆ ಪಟಾಕಿ. ಮದುವೆ ಸುಗ್ಗಿಯಲ್ಲಿ ಒಂಬತ್ತು ಫಂಕ್ಷನ್ ಹಾಲ್ ಸುತ್ತುವಷ್ಟರಲ್ಲಿ ಸೆರಗು ಗಂಟುಗಳಿಂದ ಮೋಟಾಗಿ ಮೊಣಕಾಲಿಗೆ ಬಂದಿರುತ್ತದೆ. “ಈಕಿ ಸೀರಿ ಉಡ್ತಾಳೋ, ಗಂಟು ಉಡ್ತಾಳೋ” ಎಂದು ಅವರ ಗಂಡ ಚಂದ್ರಶಾ ರೇಗಿಸುತ್ತಾರೆ.

ಪತ್ರಿಕೆಗೆ ಬರೆಯಲೆಂದು ಅವರ ಹಿಂದೆ ಸುತ್ತಲು ಬಂದ ನನಗೂ ಮೊದಲ ದಿನ ಇದು ಅರ್ಥವಾಗಿರಲಿಲ್ಲ. ಖೂಬಾ ಪ್ಲಾಟಿನ ಒಂದು ಬಾಡಿಗೆ ಮನೆಯಲ್ಲಿ ನಡೆಯುವ ಆಪ್ತಸಮಾಲೋಚನೆ ಕೇಂದ್ರದಲ್ಲಿ ಯಮನಮ್ಮ ಆಯಾ. ವಯಸ್ಸು ಐವತ್ತೆಂಟೋ ಅರವತ್ತೋ, ಅವರಿಗೇ ಖಾತ್ರಿಯಿಲ್ಲ. ಕಾಗದದ ಪ್ರಕಾರ ಅವರ ಕೆಲಸ ಕಸ ಗುಡಿಸುವುದು, ನೀರು ತುಂಬುವುದು, ಬಂದವರಿಗೆ ಚಹಾ ಕೊಡುವುದು. ಹಾಗಿದ್ದ ಮೇಲೆ ಊರವರ ಮದುವೆಯ ಪಟಾಕಿ ಎಣಿಸುವ ಉಸಾಬರಿ ಇವರಿಗೇಕೆ? ಕೇಳಿದರೆ, “ಬರ್ರಿ ನನ್ನ ಹಿಂದ, ಬಾಯಿಲೆ ಹೇಳಿದ್ರ ತಿಳ್ಯಂಗಿಲ್ಲ” ಎಂದು ಬಿರಬಿರನೆ ನಡೆಯುತ್ತಾರೆ. ಅವರ ನಡಿಗೆಗೆ ನನ್ನ ಬೂಟು ಸಾಲದು.

ರೋಜಾದ ಹಿಂದಿನ ಒಂದು ಓಣಿಯಲ್ಲಿ ಏಳು ಕುಟುಂಬಗಳಿವೆ. ಕಮಲಾಪುರದಲ್ಲಿ ಕೆಂಬಾಳೆ ತೋಟಗಳ ಪಕ್ಕದಲ್ಲಿ ಇನ್ನೂ ನಾಲ್ಕು. ಒಟ್ಟು ನಲವತ್ತಾರು ಜನ. ಬರ್ಮಾದಲ್ಲಿ ಊರಿಗೆ ಊರೇ ಸುಟ್ಟಾಗ ಹೊಳೆ, ಕಾಡು, ಗಡಿ ದಾಟಿ, ಎಷ್ಟೋ ಊರು ಸುತ್ತಿ ಇಲ್ಲಿಗೆ ಬಂದವರು. ಗಂಡಸರು ಗುಜರಿ ಆಯುತ್ತಾರೆ, ಗಾರೆ ಕೆಲಸ ಮಾಡುತ್ತಾರೆ. ಹೆಂಗಸರು ತೋಟದ ಕೆಲಸಕ್ಕೆ, ಹೊಲಿಗೆಗೆ ಹೋಗುತ್ತಾರೆ. ಬಂದು ವರ್ಷಗಳಾದವು. ಹೊಟ್ಟೆಪಾಡು ಹೇಗೋ ಸಾಗಿದೆ. ಆದರೆ ‘ಢಂ’ ಎಂಬ ಒಂದೇ ಸದ್ದು ಸಾಕು, ಅವರ ಮೈ ಮತ್ತೆ ಆ ಸುಡುವ ಊರಿಗೇ ಹೋಗಿ ನಿಲ್ಲುತ್ತದೆ. ಮಕ್ಕಳನ್ನು ಎಳೆದುಕೊಂಡು ಮಂಚದ ಕೆಳಗೆ ಸೇರುತ್ತಾರೆ, ಒಲೆಯ ಮೇಲಿನ ಅನ್ನ ಬಿಟ್ಟು ಹಿತ್ತಿಲಿನಿಂದ ಓಡುತ್ತಾರೆ. ಒಬ್ಬರು ಓಡಿ ಓಡಿ ಒಮ್ಮೆ ರೈಲ್ವೆ ಸ್ಟೇಷನ್ನಿನವರೆಗೂ ಹೋಗಿದ್ದರಂತೆ.

ಅದಕ್ಕೇ ಯಮನಮ್ಮ ಪಟಾಕಿಗಿಂತ ಮೊದಲು ಓಣಿಗೆ ಬರುತ್ತಾರೆ. ಓಣಿಯ ಬಾಯಲ್ಲೇ ನಿಂತು, ಕೊತ್ತಂಬರಿ ಮಾರುವವರ ಹಾಗೆ ರಾಗವಾಗಿ ತಮ್ಮ ಹೆಸರು ತಾವೇ ಕೂಗುತ್ತಾರೆ: “ಯಮನವ್ವ ಬಂದೀನ್ರೇ...” ಹತ್ತು ಹೆಜ್ಜೆಗೊಮ್ಮೆ ಹಾಗೆ. ಯಾವ ಬಾಗಿಲನ್ನೂ ತಟ್ಟುವುದಿಲ್ಲ. ಬಾಗಿಲು ತಾನಾಗಿ ತೆರೆದ ಮೇಲೆ ದಖನಿ ಉರ್ದುವಿನಲ್ಲಿ, ನಡುನಡುವೆ ಕನ್ನಡ ತುರುಕಿ ಸುದ್ದಿ ಹೇಳುತ್ತಾರೆ: ಇವತ್ತು ಹನ್ನೊಂದರಿಂದ ಹನ್ನೆರಡರ ನಡುವೆ, ಪಡುವಣದ ಕಡೆಯಿಂದ, ನಾಲ್ಕು ಉದ್ದನೆಯ ಸರ, ಹನ್ನೆರಡು ದೊಡ್ಡ ಸದ್ದು. ಅದು ಮದುವೆ. ಮದುಮಗ ಆಳಂದದವನು.

“ಮದುಮಗ ಯಾವ ಊರವ ಅನ್ನೂದು ಯಾಕ?” ಎಂದು ಕೇಳುತ್ತೇನೆ.

“ಯಾಕಂದ್ರ? ಹೆಸರು, ಊರು ಇದ್ರ ಅದು ಮಂದಿ ಸದ್ದು. ಇಲ್ಲಂದ್ರ ಬರೀ ಸದ್ದು. ಬರೀ ಸದ್ದಿಗಿ ಅಂಜಿಕಿ ಹೆಚ್ಚು.”

ಈ ಮಾತು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿರಲಿಲ್ಲ. ಬರೆದುಕೊಳ್ಳುತ್ತಿದ್ದವನ ಕಿವಿಯ ಬಳಿ ಸೊಳ್ಳೆಯೊಂದು ಗುಂಯ್‌ಗುಟ್ಟಿತು. ಅಭ್ಯಾಸಬಲ, ಎರಡೂ ಕೈ ಎತ್ತಿ ಚಟ್ಟನೆ ಹೊಡೆದೆ. ಹೊಸ್ತಿಲಲ್ಲಿ ನಿಂತಿದ್ದ ಹೆಂಗಸು ಬೆಚ್ಚಿ ಒಳಗೆ ಸರಿದರು, ಅವರ ಹಿಂದಿದ್ದ ಮುದುಕರು ಗೋಡೆಗೆ ಆತುಕೊಂಡರು. ಯಮನಮ್ಮ ನನ್ನನ್ನು ನೋಡಿದ ನೋಟ ಇದೆಯಲ್ಲ, ನನ್ನ ಶಾಲೆಯ ಹೆಡ್‌ಮಾಸ್ತರೂ ಹಾಗೆ ನೋಡಿರಲಿಲ್ಲ. “ಸೊಳ್ಳಿಗಿ ರಕ್ತ ಕೊಡ್ರಿ. ಏನ್ ಸಾಯಂಗಿಲ್ಲ ನೀವು” ಎಂದರು. ಆಮೇಲೆ ಓಣಿ ದಾಟುವವರೆಗೂ ನಾನು ಕೈ ಕಟ್ಟಿಕೊಂಡೇ ನಡೆದೆ.

ಕೇಂದ್ರದ ಮನಶ್ಶಾಸ್ತ್ರಜ್ಞೆ ಮಂಜುಷಾ ಖೂಬಾ ಪ್ಲಾಟಿನವರೇ. ಮನೆಯಲ್ಲಿ ಮರಾಠಿ, ಹೊರಗೆ ಕನ್ನಡ. ಅವರ ಕೋಣೆಯಲ್ಲಿ ಬಾಗಿಲಿಗೆ ಒಳಚಿಲಕವಿದೆ, ಹೊರಚಿಲಕ ಕಿತ್ತು ಹಾಕಿದ್ದಾರೆ. ಬಂದವರು ಕೂರುವ ಕುರ್ಚಿಯಿಂದ ಬಾಗಿಲು ಸದಾ ಕಾಣುತ್ತದೆ. ಫ್ಯಾನ್ ಕಿರುಗುಟ್ಟದಂತೆ ಪ್ರತಿ ಸೋಮವಾರ ಯಮನಮ್ಮ ಎಣ್ಣೆ ಬಿಡಿಸುತ್ತಾರೆ.

“ನಿಮಗ ಏನಾಯ್ತು ಹೇಳ್ರಿ ಅಂತ ನಾವು ಮೊದಲಿಗೆ ಕೇಳಂಗಿಲ್ರೀ” ಎನ್ನುತ್ತಾರೆ ಮಂಜುಷಾ. “ಅಂಥಾ ಹಿಂಸಾ ಕಂಡು ಬಂದವರ ಮನಸ್ಸು ‘ಈಗ ಎಲ್ಲಾ ಮುಗೀತು’ ಅಂತ ಒಪ್ಪಿದ್ರೂ ಮೈ ಒಪ್ಪಂಗಿಲ್ಲ. ಮೈಗೆ ಮೊದಲು ನಂಬಿಕಿ ಬರಬೇಕು. ಮುಂದ ಏನು ಆಗ್ತದ ಅಂತ ಮೊದಲೇ ಗೊತ್ತಿರಬೇಕು, ಬ್ಯಾಡ ಅನ್ನೋ ಹಕ್ಕು ಅವರ ಕೈಯಾಗ ಇರಬೇಕು. ನಾನು ಇದನ್ನ ಎರಡು ವರ್ಷ ಓದಿ ಕಲ್ತೆ. ಯಮನವ್ವ ಕಲ್ಲಿನ ಖಣಿಯಾಗ ಕಲ್ತು ಬಂದಿದ್ರು.”

ಖಣಿ ಇರುವುದು ಯಮನಮ್ಮನ ಊರಾದ ಕಮಲಾಪುರದಿಂದ ಮೂರು ಕಿಲೋಮೀಟರ್ ಆಚೆ. ಗಂಡ ಚಂದ್ರಶಾ ಅಲ್ಲಿ ಬಂಡೆ ಕೊರೆಯುವ ಯಂತ್ರ ಹಿಡಿಯುತ್ತಿದ್ದರು, ಯಮನಮ್ಮ ಕಲ್ಲು ಹೊರುತ್ತಿದ್ದರು. ಒಂದು ಮಧ್ಯಾಹ್ನ ಬಂಡೆಗೆ ಮದ್ದು ಹಾರಿಸುವುದನ್ನು ಯಾರೂ ಹೇಳದೆ, ಬುತ್ತಿ ಬಿಚ್ಚಿ ಕುಳಿತಿದ್ದ ಜೊತೆಯ ಹೆಣ್ಣಾಳಿನ ಭುಜಕ್ಕೆ ಕಲ್ಲು ಬಡಿಯಿತು. ಮರುದಿನ ಯಮನಮ್ಮ ಮಾಲೀಕನ ಮುಂದೆ ನಿಂತು ಜಗಳ ತೆಗೆದರು. ಕಿರಿಕಿರಿ ತಪ್ಪಲಿ ಎಂದು ಆತ ಅವರ ಕೈಗೇ ಕೆಂಪು ಬಾವುಟ, ಕೊರಳಿಗೆ ಸೀಟಿ ಕೊಟ್ಟ. ಅಂದಿನಿಂದ ಹದಿನಾಲ್ಕು ವರ್ಷ, ದಿನಾ ಒಂದು ಗಂಟೆಗೆ ಮದ್ದು ಹಾರುವ ಮುಂಚೆ ಅವರು ಸುತ್ತಲಿನ ಹೊಲ, ದಾರಿ, ದನಗಾಹಿಗಳನ್ನೆಲ್ಲ ಸೀಟಿ ಊದಿ ಎಚ್ಚರಿಸಿದರು. ಮದ್ದು ಹಾರಿಸುವ ಮಾಪಣ್ಣ, ಯಮನಮ್ಮ ಬಾವುಟ ಇಳಿಸುವವರೆಗೆ ಗುಂಡಿ ಒತ್ತುತ್ತಿರಲಿಲ್ಲ.

“ಹದಿನಾಕು ವರ್ಷದಾಗ ಒಂದು ನಾಯಿಗಿನೂ ಕಲ್ಲು ತಾಕಿಲ್ರಿ” ಎನ್ನುವಾಗ ಅವರ ಕುತ್ತಿಗೆ ಸ್ವಲ್ಪ ಉದ್ದವಾಗುತ್ತದೆ. ಪಕ್ಕದಲ್ಲಿ ಕುಳಿತ ಚಂದ್ರಶಾ ನಗುತ್ತಾರೆ. ಯಂತ್ರದ ಅಬ್ಬರಕ್ಕೆ ಅವರ ಕಿವಿ ಎಂದೋ ಮಂದವಾಗಿವೆ. “ನನಗ ಪಟಾಕಿನೂ ಒಂದ, ಈಕಿ ಬೈಗಳಾನೂ ಒಂದ. ಎರಡೂ ಕೇಳ್ಸಂಗಿಲ್ಲ. ಆರಾಮ ಇದ್ದೀನಿ.”

ಮಗನಿಗೆ ಕಲಬುರಗಿಯ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಕೆಲಸ ಸಿಕ್ಕಾಗ ಮನೆ ಕೋಟನೂರಿಗೆ ಬಂತು. ಐದು ವರ್ಷದ ಹಿಂದೆ ಯಮನಮ್ಮ ಕೇಂದ್ರಕ್ಕೆ ಸೇರಿದರು. ಪಟಾಕಿಗೆ ಜನ ಮಂಚದ ಕೆಳಗೆ ಸೇರುವುದನ್ನು ಕಂಡ ಮೊದಲ ವಾರವೇ ಅವರಿಗೆ ಹೊಳೆದದ್ದು ಒಂದೇ ಉಪಾಯ. ಮರುದಿನ ಎರಡು ಓಣಿ ಆಚೆ ಮದುವೆ ಇತ್ತು. ಟ್ರಂಕಿನಿಂದ ತಮ್ಮ ಹಳೆಯ ಸೀಟಿ ತೆಗೆದುಕೊಂಡರು, ಓಣಿಯ ಬಾಯಲ್ಲಿ ನಿಂತರು, ಖಣಿಯಲ್ಲಿ ಊದುತ್ತಿದ್ದಂತೆ ಮೂರು ಬಾರಿ ಉದ್ದಕ್ಕೆ ಊದಿದರು.

“ಯಪ್ಪಾ, ಏನ್ ಹೇಳ್ಲಿ” ಎಂದು ಹಣೆ ಬಡಿದುಕೊಳ್ಳುತ್ತಾರೆ. “ಪಟಾಕಿ ಇನ್ನಾ ಹಾರೇ ಇಲ್ಲ. ನನ್ನ ಸೀಟಿಗೇ ಓಣಿಗಿ ಓಣಿ ಖಾಲಿ ಆತು. ಒಬ್ಬ ಹೆಣ್ಮಗಳು ಕೂಸಿನ ಬಾಯಿ ಮುಚ್ಚಿ ಹಿಡ್ಕೊಂಡು ನೀರಿನ ಟಾಕಿ ಹಿಂದ ಕುಂತಿದ್ಲು. ನನ್ನ ನೋಡಿ ಕೈ ಮುಗದ್ಲು ರೀ. ನನಗ! ಬಿಡು, ಹೊಡಿಬ್ಯಾಡ ಅಂತ. ಆಮ್ಯಾಲ ಗೊತ್ತಾತು, ಅವರ ಊರಿಗಿ ಸಿಪಾಯಿಗೋಳು ಸೀಟಿ ಊದಿ ಬರ್ತಿದ್ರಂತ. ನಮ್ಮ ಖಣ್ಯಾಗ ಜೀವಾ ಉಳಸೂ ಸೀಟಿ, ಅವರಿಗಿ ಜೀವಾ ತಗಿಯೂ ಸೀಟಿ. ಅವತ್ತ ಮನಿಗಿ ಬಂದು ಉಂಡಿಲ್ಲ ನಾ.”

ಸೀಟಿಯನ್ನು ಅವರು ಮತ್ತೆ ಮುಟ್ಟಲಿಲ್ಲ. ಓಣಿಯ ಬಾಗಿಲುಗಳು ಅವರಿಗೆ ತೆರೆಯಲು ಎರಡು ತಿಂಗಳು ಹಿಡಿಯಿತು. ದಿನಾ ಹೋಗುವುದು, ದೂರ ನಿಲ್ಲುವುದು, ಹೆಸರು ಕೂಗುವುದು, ಸುದ್ದಿಯನ್ನು ಗಾಳಿಗೆ ಹೇಳಿ ಬರುವುದು. ಹೇಳಿದ ಹೊತ್ತಿಗೇ ಪಟಾಕಿ ಹಾರಿ, ಹೇಳಿದಷ್ಟೇ ಹಾರಿ ನಿಂತಾಗ ಒಂದೊಂದೇ ಮನೆ ಅವರನ್ನು ನಂಬಿತು. ಮೊದಲು ಬಾಗಿಲು ತೆರೆದವರು, ನೀರಿನ ಟಾಕಿಯ ಹಿಂದೆ ಕೂಸು ಹಿಡಿದು ಕೂತಿದ್ದ ಆ ಹೆಂಗಸೇ.

ಆಕೆಯನ್ನು ಇಲ್ಲಿ ಸೆನ್ವಾರಾ ಎಂದು ಕರೆಯುತ್ತೇನೆ. ಅದು ನಿಜವಾದ ಹೆಸರಲ್ಲ. ಬೇರೆ ಹೆಸರು ಹಾಕುತ್ತೇನೆ ಎಂದಾಗ ಆಕೆಯೇ ಆರಿಸಿದ್ದು. ಊರಿನಲ್ಲಿ ಕಳೆದುಹೋದ ಗೆಳತಿಯ ಹೆಸರಂತೆ, ಪೇಪರಿನಲ್ಲಾದರೂ ಒಮ್ಮೆ ಬರಲಿ ಎಂದರು. ಗಂಡನನ್ನೂ ಹಿರಿಯ ಮಗನನ್ನೂ ಅಲ್ಲೇ ಕಳೆದುಕೊಂಡು, ಇಬ್ಬರು ಹೆಣ್ಣುಮಕ್ಕಳ ಜೊತೆ ಬಂದವರು. ಅಂದು ಕೈಯಲ್ಲಿದ್ದ ಕೂಸು ನೆರೆಮನೆಯದು.

ಈ ಐದು ವರ್ಷದಲ್ಲಿ ಯಮನಮ್ಮನ ಲೆಕ್ಕ ತಪ್ಪಿದ್ದು ಕಡಿಮೆ. ಟ್ರಾನ್ಸ್‌ಫಾರ್ಮರ್ ಸಿಡಿದರೆ ಏನೂ ಮಾಡುವಂತಿಲ್ಲ. ಕ್ರಿಕೆಟ್ ಅವರ ದೊಡ್ಡ ವೈರಿ. ಆಟ ಒಂದಿಷ್ಟೂ ತಿಳಿಯದಿದ್ದರೂ ಪಂದ್ಯದ ದಿನ ಚಹಾ ಅಂಗಡಿಯ ಟಿ.ವಿ. ಮುಂದೆ ನಿಂತು, “ಗೆಲ್ಲಾಕತ್ತಾರೇನು? ಇನ್ನಾ ಎಷ್ಟು ಹೊತ್ತು?” ಎಂದು ಗಂಡಸರ ತಲೆ ತಿನ್ನುತ್ತಾರೆ. ಗೆಲ್ಲುವ ಲಕ್ಷಣ ಕಂಡ ಕೂಡಲೇ ಓಣಿಗೆ ಓಟ. “ಸೋತ್ರ ನನಗ ಛಲೋ ರೀ, ಖರೇ ಹೇಳ್ತೀನಿ” ಎಂದು ಪಿಸುಗುಟ್ಟುತ್ತಾರೆ. ದೇಶಭಕ್ತರು ಕ್ಷಮಿಸಬೇಕು.

ಆದರೆ ಎರಡು ವರ್ಷದ ಹಿಂದಿನ ಒಂದು ತಪ್ಪು ಅವರನ್ನು ಬಿಟ್ಟಿರಲಿಲ್ಲ. ಸೆನ್ವಾರಾರ ದೊಡ್ಡ ಮಗಳ ನಿಕಾಹ್ ಅಂದು. ಯಮನಮ್ಮ ಗಂಡಿನ ಕಡೆಯವರನ್ನು ವಿಚಾರಿಸಿದ್ದರು. ಪಟಾಕಿ ತಂದೇ ಇಲ್ಲ ಎಂದಿದ್ದರು ಅವರು. ಅದನ್ನೇ ನಂಬಿ ಸೆನ್ವಾರಾರಿಗೆ, “ಇವತ್ತ ಒಂದೂ ಇಲ್ಲವ್ವ, ನೆಮ್ಮದಿಲೆ ಇರು” ಎಂದು ಮಾತು ಕೊಟ್ಟರು. ಗಂಡಿನ ಗೆಳೆಯರು ದಾರಿಯಲ್ಲಿ ಖರೀದಿಸಿ ತಂದ ಸರಗಳನ್ನು ಫಂಕ್ಷನ್ ಹಾಲ್‌ನ ಬಾಗಿಲಲ್ಲೇ ಹಚ್ಚಿದರು. ಮೂರು ತಾಸಿನ ಮೇಲೆ ಸೆನ್ವಾರಾ ಸಿಕ್ಕಿದ್ದು ಅಡುಗೆಯ ಕಡೆ, ಅನ್ನ ಬೇಯಿಸುವ ದೊಡ್ಡ ಡೇಗುಗಳ ಸಂದಿಯಲ್ಲಿ. ಅಷ್ಟರಲ್ಲಿ ನಿಕಾಹ್ ಮುಗಿದು, ಮಗಳು ತಾಯಿಯ ಕೈತುತ್ತಿಲ್ಲದೆ, ತಾಯಿಯ ಮುಖ ನೋಡದೆ ಬೀದರಿನ ಗಂಡನ ಮನೆಗೆ ಹೋಗಿಬಿಟ್ಟಿದ್ದಳು.

“ಆಕಿ ನನಗ ಒಂದ್ ಮಾತು ಅಂದಿಲ್ರಿ. ಅಂದಿದ್ರ ಛಲೋ ಇತ್ತು” ಎನ್ನುತ್ತಾರೆ ಯಮನಮ್ಮ. “ನಾ ‘ಇಲ್ಲ’ ಅಂದಿದ್ದೆ. ನನ್ನ ಮಾತು ನಂಬಿ ಆಕಿ ಸಜ್ಜಾಗಿದ್ಲು. ಇನ್ನ ಮ್ಯಾಲ ನಾ ಯಾರಿಗಿನೂ ‘ಇಲ್ಲ’ ಅಂತ ಹೇಳಂಗಿಲ್ಲ. ‘ಹಾರಬಹುದು’ ಅಂತೀನಿ. ಹಾರಲಿಲ್ಲಂದ್ರ ಬೈಸ್ಕೋತೀನಿ.”

ಈಗ ಸಣ್ಣ ಮಗಳ ಮದುವೆ. ಗಂಡು ಕಮಲಾಪುರದ ನಾಲ್ಕು ಕುಟುಂಬಗಳಲ್ಲೇ ಒಂದರ ಹುಡುಗ. ನಾನು ಯಮನಮ್ಮನ ಹಿಂದೆ ಸುತ್ತಲು ಶುರು ಮಾಡಿದ್ದು ಈ ಮದುವೆಗೆ ಎಂಟು ದಿನ ಇರುವಾಗ. ಸೆನ್ವಾರಾ ಈ ಸಲವಾದರೂ ಮಗಳ ಪಕ್ಕದಲ್ಲಿ ನಿಲ್ಲುತ್ತಾರೋ ಇಲ್ಲವೋ ಎಂಬುದೊಂದೇ ಓಣಿಯವರ ಮಾತು. ಮಗಳು ಪರಿಹಾರ ಹೇಳಿದ್ದಳು: ಬಾಜಾ ಬೇಡ, ಪಟಾಕಿ ಬೇಡ, ಮನೆಯಲ್ಲೇ ಹತ್ತು ಜನರ ಮುಂದೆ ಮುಗಿಸೋಣ. ಬೀಗರೂ ಒಪ್ಪಿದ್ದರು. ಒಪ್ಪದವರು ಸೆನ್ವಾರಾ ಒಬ್ಬರೇ.

ಯಾಕೆ ಎಂದು ಕೇಳಿದೆ. ಅವರ ಹರುಕು ಹಿಂದುಸ್ತಾನಿಯನ್ನು ಯಮನಮ್ಮ ಕನ್ನಡಕ್ಕೆ ತಿರುಗಿಸುತ್ತಾ ಹೋದರು: “ಅವರ ಊರಾಗ ಮದುವಿ ಆಗಾಕನೂ ಸರಕಾರದ ಪರವಾನಗಿ ಬೇಕಿತ್ತಂತ್ರಿ. ಈಕಿ ಮದುವಿ ಕದ್ದು ಆಗ್ಯದ. ಬಾಗಲಾ ಹಾಕ್ಕೊಂಡು, ದೀಪ ಸಣ್ಣ ಮಾಡಿ, ಒಪ್ಪಿಗಿ ಮಾತು ‘ಕಬೂಲ್’ ಅನ್ನೂದನೂ ಪಿಸಪಿಸ ಅಂತ ಅಂದ್ಲಂತ. ಹಾಡಿಲ್ಲ, ನಗಿ ಇಲ್ಲ. ‘ನನ್ನ ಮಗಳ ಮದುವಿ ಇಡೀ ಓಣಿಗಿ ಕೇಳ್ಬೇಕು’ ಅಂತಾಳ. ‘ಸದ್ದು ಆಗ್ಲಿ, ನಾನೂ ಇರ್ಲಿ, ಎರಡೂ ಬೇಕು’ ಅಂತಾಳ. ಹಠಾ ನೋಡ್ರಿ!”

ಹಠ ಮೂರು ತಿಂಗಳ ಹಿಂದೆ ಶುರುವಾಗಿತ್ತು. ಯಮನಮ್ಮನಿಗೆ ನೆನಪಾದದ್ದು ಖಣಿ. ಅಲ್ಲಿ ದಿನಾ ಒಂದೇ ಹೊತ್ತಿಗೆ, ಒಂದೇ ಸದ್ದು. ಅದನ್ನು ಕೇಳಿ ಕೇಳಿ ಸೆನ್ವಾರಾರ ಮೈ ಪಳಗಬಹುದು ಎಂದುಕೊಂಡರು. ಮಂಜುಷಾ ಕೇಳಿದೊಡನೆ ಸುತಾರಾಂ ಬೇಡ ಎಂದರು. ಧೈರ್ಯ ಬರಲಿ ಎಂದು ಇಂಥವರನ್ನು ಸದ್ದಿಗೆ ನೂಕಿದರೆ ಗಾಯ ಮತ್ತೆ ಬಿರಿಯುತ್ತದೆ ಎಂಬುದು ಅವರ ಕಾಳಜಿ. ಕೊನೆಗೆ ಸೆನ್ವಾರಾ ತಾವೇ ಕೇಂದ್ರಕ್ಕೆ ಬಂದು, ಬಾಗಿಲು ಕಾಣುವ ಕುರ್ಚಿಯಲ್ಲಿ ಕುಳಿತು, ನಾನು ಹೋಗುತ್ತೇನೆ ಎಂದರು. ಮಂಜುಷಾ ಮೂರು ಕಟ್ಟಳೆ ಹಾಕಿದರು. ತಾವು ಜೊತೆಗಿರಬೇಕು, ದೂರದಿಂದ ಆರಂಭವಾಗಬೇಕು, ಸೆನ್ವಾರಾ ಒಪ್ಪಿಗೆ ಕೊಡದೆ ಏನೂ ಆಗಬಾರದು.

ಹಾಗೆ ಪ್ರತಿ ಗುರುವಾರ ಮೂವರೂ ಕಮಲಾಪುರದ ಬಸ್ ಹತ್ತಿದರು. ಮೊದಲ ಗುರುವಾರ ಕೂತದ್ದು ಕಮಲಾಪುರದ ಬಸ್ ನಿಲ್ದಾಣದಲ್ಲಿ, ಕೆಂಬಾಳೆ ಮಾರುವವರ ಪಕ್ಕ. ಒಂದು ಗಂಟೆಗೆ ಯಮನಮ್ಮ ಮಾಪಣ್ಣನಿಗೆ ಫೋನ್ ಹಚ್ಚಿ, ಫೋನನ್ನು ಸೆನ್ವಾರಾರ ಕೈಗೆ ಕೊಟ್ಟರು. ಆಕೆ ಒಪ್ಪಿ ‘ಹೌ’ ಎಂದರೆ ಮಾತ್ರ ಮಾಪಣ್ಣ ಗುಂಡಿ ಒತ್ತಬೇಕು. ಮೂರು ಕಿಲೋಮೀಟರ್ ದೂರಕ್ಕೆ ಆ ಸದ್ದು ಬರುವಾಗ ಯಾರೋ ಆಚೆ ಮನೆಯಲ್ಲಿ ಚೀಲ ಇಳಿಸಿದಷ್ಟೇ ಇರುತ್ತದೆ. ಆದರೂ ಅಂದು ‘ಹೌ’ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಮರುವಾರ ‘ಹೌ’ ಬರಲೇ ಇಲ್ಲ. ಯಾರೂ ಒತ್ತಾಯ ಮಾಡಲಿಲ್ಲ. ಬಾಳೆಹಣ್ಣು ತಿಂದು ಮರಳಿ ಬಂದರು.

ಮಾಪಣ್ಣನನ್ನು ಖಣಿಯಲ್ಲೇ ಕಂಡೆ. ದೊಡ್ಡ ಮೀಸೆ, ಸಣ್ಣ ತಾಳ್ಮೆ. “ಲೈಸೆನ್ಸ್ ನನ್ನದು, ಮದ್ದು ನನ್ನದು, ಹುಕುಂ ಮಾತ್ರ ಆಕಿದು!” ಎಂದು ಗೊಣಗಿದರು. “ಬಿಸಿಲಾಗ ನಿಂತು ಒಂದ್ ಹೆಣ್ಮಗಳ ಹೌ ಅನ್ನೂದಕ ಕಾಯ್ಬೇಕು. ನಮ್ಮನಿಯಾಕಿ ಮಾತಿಗೂ ಇಷ್ಟು ಕಾದಿಲ್ಲ ನಾ.” ಆಮೇಲೆ ದನಿ ತಗ್ಗಿಸಿದರು. “ಒಂದ್ ಸಲ ಫೋನಿನಾಗ ಅಳೂದು ಕೇಳ್ತು ರೀ. ಅವತ್ತ ನಾ ಮದ್ದೇ ಹಾರಿಸಿಲ್ಲ. ಮಾಲೀಕಗ ತಂತಿ ಕೆಟ್ಟದ ಅಂತ ಹೇಳ್ದೆ.”

ಬಸ್ ನಿಲ್ದಾಣದಿಂದ ತೋಟದ ಅಂಚಿಗೆ, ಅಲ್ಲಿಂದ ಕೆರೆಯ ಏರಿಗೆ, ಹತ್ತನೇ ಗುರುವಾರ ಖಣಿ ಕಾಣುವ ಬೇವಿನ ಮರದ ಬುಡಕ್ಕೆ ಬಂದರು. ಹನ್ನೊಂದನೆಯದಕ್ಕೆ, ಮದುವೆಗೆ ಮೂರು ದಿನ ಇರುವಾಗ, ನಾನೂ ಇದ್ದೆ. ನೆಲ ಕಾಲಡಿ ಅದುರಿದಾಗ ನಾನು ಹೌಹಾರಿದೆ. ಸೆನ್ವಾರಾ ಕಣ್ಣು ಮುಚ್ಚಿ, ಯಮನಮ್ಮನ ಮುಂಗೈ ಹಿಡಿದು, ಹಲ್ಲು ಕಚ್ಚಿ ಕುಳಿತಿದ್ದರು. ಧೂಳು ಇಳಿದ ಮೇಲೆ ಮಂಜುಷಾ ಮೆಲ್ಲಗೆ, ಈಗ ಎಲ್ಲಿದ್ದೀರಿ ಎಂದು ಕೇಳಿದರು. “ಕಮಲಾಪುರ” ಎಂದು ಉತ್ತರ ಬಂತು. ಯಮನಮ್ಮ ಸೆರಗಿನಿಂದ ಮುಖ ಒರೆಸಿಕೊಂಡದ್ದು ಧೂಳಿಗಾಗಿ ಅಲ್ಲ ಎಂದು ನನಗೆ ಖಾತ್ರಿ ಇದೆ.

ಭಾನುವಾರ. ರೋಜಾದ ಒಂದು ಪುಟ್ಟ ಶಾದಿಖಾನಾ. ಬೆಳಗಿನಿಂದ ಯಮನಮ್ಮನ ಕಾಲು ಒಂದು ಕಡೆ ನಿಂತಿಲ್ಲ. ಗಂಡಿನ ಕಡೆಯ ಪ್ರತಿಯೊಬ್ಬನ ಚೀಲಕ್ಕೂ ಕೈ ಹಾಕಿ ನೋಡಿದ್ದಾರೆ. ಒಪ್ಪಂದ ಇಷ್ಟು: ಸಾವಿರದ ಸರ ಒಂದೇ ಒಂದು, ದಿಬ್ಬಣ ಗೇಟಿಗೆ ಬಂದಾಗ, ಸೆನ್ವಾರಾ ಕೈ ಎತ್ತಿದ ಮೇಲೆ. ಹಸಿರು ಸೀರೆಯ ಸೆನ್ವಾರಾ ಗೇಟಿನ ಪಕ್ಕದಲ್ಲಿ ನಿಂತಿದ್ದಾರೆ. ಬಾಜಾ ಹತ್ತಿರವಾಗುತ್ತದೆ. ಅವರು ಒಮ್ಮೆ ಒಳಗೆ, ಮಗಳು ಕುಳಿತ ಕೋಣೆಯ ಕಡೆ ನೋಡುತ್ತಾರೆ. ಕೈ ಎತ್ತುತ್ತಾರೆ.

ಸರ ಪಟಪಟಪಟ ಎಂದು ಉರಿಯುತ್ತದೆ. ಅದು ಮುಗಿಯುವವರೆಗೆ ಉಸಿರಾಡಿದವರು ಬಾಜಾದವರು ಮಾತ್ರ. ಸೆನ್ವಾರಾ ನಡುಗುತ್ತಾರೆ, ಆದರೆ ನಿಂತೇ ಇರುತ್ತಾರೆ. ಗೆದ್ದೆವು ಎಂದು ನಾವೆಲ್ಲ ನಗುವಷ್ಟರಲ್ಲಿ ಹಿಂದಿನಿಂದ ಢಮಾರ್! ಮದುಮಗನ ಸೋದರಮಾವ, ತಲೆ ನರೆತ ಮನುಷ್ಯ, ಪೈಜಾಮದ ಜೇಬಿನಲ್ಲಿ ಅಡಗಿಸಿ ತಂದ ಸುತಳಿ ಬಾಂಬಿಗೆ ಕಡ್ಡಿ ಗೀರಿದ್ದಾನೆ. ಸೆನ್ವಾರಾ ದೊಪ್ಪನೆ ನೆಲಕ್ಕೆ ಕೂರುತ್ತಾರೆ. ಎರಡೂ ಕೈ ತಲೆಯ ಮೇಲೆ.

ಯಮನಮ್ಮ ಅವರನ್ನು ಎಬ್ಬಿಸಲು ಹೋಗುವುದಿಲ್ಲ. ಪಕ್ಕದಲ್ಲಿ, ಅದೇ ಧೂಳಿನಲ್ಲಿ ತಾವೂ ಕೂರುತ್ತಾರೆ. “ಒಂದು ತಪ್ಪಿ ಹಾರೇದ. ಆ ಮುದಿಯಂದು. ಗಂಡಿನ ಮಾವ, ಕಮಲಾಪುರದಾಂವ” ಎಂದು ಕಿವಿಯಲ್ಲಿ ಹೇಳುತ್ತಾರೆ. ಮತ್ತೆ ಹೇಳುತ್ತಾರೆ. ಮತ್ತೆ. ಮಂಜುಷಾ ಜನರನ್ನು ಹಿಂದೆ ಸರಿಸುತ್ತಾರೆ. ಬಾಜಾ ನಿಂತಿದೆ. ಒಳಗಿನಿಂದ ಯಾರೋ, ನಿಕಾಹ್ ಶುರು ಮಾಡೋಣವೇ ಎಂದು ಕೇಳಿದ್ದಕ್ಕೆ ಯಮನಮ್ಮ ತಲೆ ಎತ್ತದೆ ಕೂಗುತ್ತಾರೆ: “ತಾಯಿ ಬರೂ ತನಕ ಒಂದ್ ಅಕ್ಷರ ಓದಿದ್ರ ನೋಡ್ರಿ!” ಖಾಜಿಯವರು ತೆರೆದ ಪುಸ್ತಕವನ್ನು ಮುಚ್ಚಿ ಮೊಣಕಾಲ ಮೇಲೆ ಇಟ್ಟುಕೊಳ್ಳುತ್ತಾರೆ.

ಎಷ್ಟು ಹೊತ್ತಾಯಿತೋ. ನನ್ನ ಗಡಿಯಾರದಲ್ಲಿ ಹದಿನೇಳು ನಿಮಿಷ. ಸೆನ್ವಾರಾ ತಲೆಯಿಂದ ಕೈ ಇಳಿಸುತ್ತಾರೆ. ಸುತ್ತ ನೋಡುತ್ತಾರೆ. ನೀರು ಕೇಳುತ್ತಾರೆ. ನೀರು ಕುಡಿದು, ಆ ಸೋದರಮಾವನನ್ನು ಹುಡುಕಿ, ತಮ್ಮ ಭಾಷೆಯಲ್ಲಿ ಏನೋ ಅನ್ನುತ್ತಾರೆ. ಅವರ ಕಡೆಯವರೆಲ್ಲ ಗೊಳ್ಳೆಂದು ನಗುತ್ತಾರೆ, ಆ ಮನುಷ್ಯ ಕಿವಿ ಹಿಡಿದುಕೊಳ್ಳುತ್ತಾನೆ. ಏನೆಂದರು ಎಂದು ಯಾರೂ ನನಗೆ ಅನುವಾದಿಸಲಿಲ್ಲ. ಪತ್ರಿಕೆಗೆ ಹಾಕುವ ಮಾತಲ್ಲ ಎಂದು ನಕ್ಕರು.

ಅವರು ಎದ್ದು ಒಳಗೆ ನಡೆಯುತ್ತಾರೆ. ಮಗಳು ‘ಕಬೂಲ್’ ಎನ್ನುವಾಗ ಅವಳ ಹೆಗಲ ಮೇಲೆ ತಾಯಿಯ ಕೈ ಇದೆ. ಮಗಳು ಮೂರು ಸಲವೂ ಗಟ್ಟಿಯಾಗಿ ಹೇಳುತ್ತಾಳೆ, ಹೊರಗೆ ನಿಂತ ನನಗೂ ಕೇಳುವಷ್ಟು. ಬೀಳ್ಕೊಡುವ ಮುಂಚೆ ಸೆನ್ವಾರಾ ಸಕ್ಕರೆ ಅನ್ನದ ತುತ್ತು ಮಾಡಿ ಮಗಳ ಬಾಯಿಗಿಡುತ್ತಾರೆ. ಬೀದರಿನಿಂದ ಬಂದ ದೊಡ್ಡ ಮಗಳು ಪಕ್ಕದಲ್ಲಿ ನಿಂತಿದ್ದಾಳೆ. ಸೆನ್ವಾರಾ ಇನ್ನೊಂದು ತುತ್ತು ಮಾಡುತ್ತಾರೆ, ಎರಡು ವರ್ಷ ತಡವಾದ ತುತ್ತು. ಅಲ್ಲಿ ಕಣ್ಣು ಒಣಗಿದ್ದವರು ಯಾರೂ ಇರಲಿಲ್ಲ, ನಾನೂ ಸೇರಿ.

ಬುಧವಾರ ಕೋಟನೂರಿನ ಮನೆಯಲ್ಲಿ ಯಮನಮ್ಮನನ್ನು ಮತ್ತೆ ಕಂಡೆ. ಜೋಳದ ರೊಟ್ಟಿ ಬಡಿಯುತ್ತಿದ್ದರು. ಭಾನುವಾರದ ನಂತರ ಸೆನ್ವಾರಾ ಎರಡು ದಿನ ಮಲಗೇ ಇದ್ದರಂತೆ, ಸೋಮವಾರ ಸಂಜೆ ಒಂದು ಕುಕ್ಕರ್ ಸದ್ದಿಗೂ ಬೆಚ್ಚಿದರಂತೆ. “ಎಲ್ಲಾ ಆರಾಮ ಆತು ಅಂತ ಬರೀಬ್ಯಾಡ್ರಿ, ಸುಳ್ಳಾಗ್ತದ. ಮದುವ್ಯಾಗ ತಾಯಿ ಇದ್ಲು ಅಂತ ಬರೀರಿ. ಅದು ಖರೇ.”

ನಿಮಗೇನು ಆಸೆ ಎಂದು ಕೇಳಿದೆ. ಇಂಥ ಲೇಖನಗಳಲ್ಲಿ ಕೇಳಲೇಬೇಕಾದ ಪ್ರಶ್ನೆ. ರೊಟ್ಟಿ ಹೆಂಚಿಗೆ ಹಾಕಿ, ನೀರು ಸವರಿದರು.

“ನಮ್ಮ ಮಂದ್ಯಾಗ ವಯಸ್ಸಾದವ್ರು ಸತ್ರ ಹಲಗಿ ಬಾರಸ್ತಾರ, ದಾರಿಗುಂಟ ಪಟಾಕಿ ಹಾರಸ್ತಾರ. ಮಗಗ ಹೇಳಿಟ್ಟೀನಿ. ನನ್ನ ಎತ್ತೂಕಿಂತ ಮೊದ್ಲ ಆ ಓಣಿಗಿ ಹೋಗಿ ಹೇಳಿ ಬಾ, ಎಷ್ಟಕ್ಕ, ಎಷ್ಟು ಸರ ಅಂತ. ಆಮ್ಯಾಲ ಬೇಕಾದಷ್ಟು ಹಾರಸ್ರಿ.”

“ಸೆನ್ವಾರಾಗೆ ಇದು ಗೊತ್ತೇನ್ರಿ?”

“ಹೇಳೀನಿ. ಬೈದ್ಲು ನನಗ.” ಯಮನಮ್ಮ ರೊಟ್ಟಿ ತಿರುವಿ ಹಾಕಿದರು. “‘ಮನಿಗಿ ಬಂದು ಯಾಕ ಹೇಳ್ಬೇಕು?’ ಅಂದ್ಲು. ‘ನಾ ಅಲ್ಲೇ ಇರ್ತೀನಲ್ಲ, ನಿನ್ನ ತಲಿ ಹತ್ರ.’”